ಹೀಬ್ರೂ ಹೆಸರಿನ ಪವರ್ ಬ್ಯಾಂಕ್: ಓದಲು ಬಾರದಿದ್ದರೂ ಸರಿಯಾಗಿ ಮಾಡಿಸುವುದು ಹೇಗೆ?

ಇಸ್ರೇಲಿನಲ್ಲಿ ವಯಸ್ಸಾದವರ ಆರೈಕೆ ಮಾಡುವ ಕೆಲಸಕ್ಕೆ ನಮ್ಮ ಮಂಗಳೂರು, ಉಡುಪಿ ಕಡೆಯಿಂದ ಹೋದವರು ಬಹಳ ಜನ ಇದ್ದಾರೆ. ವರ್ಷಗಟ್ಟಲೆ ಒಂದೇ ಮನೆಯಲ್ಲಿದ್ದು ಅಲ್ಲಿನ ಅಜ್ಜಿಯನ್ನೋ ಅಜ್ಜನನ್ನೋ ನೋಡಿಕೊಂಡವರಿಗೆ ಆ ಮನೆಯ ಮೊಮ್ಮಕ್ಕಳೂ ತಮ್ಮ ಮಕ್ಕಳ ಹಾಗೇ ಆಗಿಬಿಡುತ್ತಾರೆ. ಹುಡುಗನಿಗೆ 13 ತುಂಬಿ ಬಾರ್ ಮಿತ್ಸ್ವಾ ಬಂತು, ಹುಡುಗಿಗೆ 12 ತುಂಬಿ ಬಾತ್ ಮಿತ್ಸ್ವಾ ಬಂತು (ಯಹೂದಿ ಮಕ್ಕಳು ಧರ್ಮದ ಪ್ರಕಾರ ದೊಡ್ಡವರಾದರು ಅನ್ನುವ ಸಮಾರಂಭಗಳು ಇವು), ಇಲ್ಲವೇ 18 ದಾಟಿ ಸೇನೆಗೆ ಹೊರಟರು ಅಂದಾಗ ಏನಾದರೂ ಕೊಡಬೇಕು ಅನ್ನಿಸುತ್ತದೆ. ಅಲ್ಲಿನ ಭಾಷೆಯಾದ ಹೀಬ್ರೂದಲ್ಲಿ ಹೆಸರು ಹಾಕಿಸಿದ ಪವರ್ ಬ್ಯಾಂಕ್ ಆಗ ಒಳ್ಳೆಯ ಆಯ್ಕೆ. ದಿನಾ ಕೈಗೆ ಬರುವ ವಸ್ತು, ಬೆಲೆಯೂ ತೀರಾ ಜಾಸ್ತಿ ಅಲ್ಲ. ಬೆಂಗಳೂರಿನ ಆಫೀಸಿನಿಂದ ಟೆಲ್ ಅವೀವ್‌ನ ಸಹೋದ್ಯೋಗಿಗೆ ಕೊಡಲು ಇಲ್ಲೇ ಮಾಡಿಸುವವರೂ ಇದ್ದಾರೆ.

ಇದು ಕೆಡುವುದು ಎರಡು ಜಾಗದಲ್ಲಿ. ಮುಂದೆ ಇರುವ ಹೆಸರಿನಲ್ಲಿ, ಮತ್ತು ಹಿಂದೆ ಬ್ಯಾಟರಿಯ ಸಾಮರ್ಥ್ಯ ಹೇಳುವ ಇರುವೆಗಾತ್ರದ ಅಕ್ಷರಗಳ ಸಾಲಿನಲ್ಲಿ. ಹೀಬ್ರೂ ಒಂದಕ್ಷರ ಬಾರದವರೂ ಎರಡನ್ನೂ ಕಣ್ಣಿಂದಲೇ ಪರೀಕ್ಷಿಸಬಹುದು. ಅಂಗಡಿಯವರ ಮೇಲೆ ಭಾರ ಹಾಕಿ ಸುಮ್ನೆ ಕೂರಬೇಕಾಗಿಲ್ಲ.

ಮೊದಲು ಯಾವ ಹೆಸರು ಅಂತ ತಿಳಿಯಬೇಕು. ಯಹೂದಿ ಗಂಡುಮಗುವಿಗೆ ಎಂಟನೇ ದಿನ ಸುನ್ನತಿ ಮಾಡುವಾಗ ಹೀಬ್ರೂ ಹೆಸರು ಇಡುತ್ತಾರೆ. ಹೆಣ್ಣುಮಗುವಿಗೆ ಸಾಮಾನ್ಯವಾಗಿ ಸಿನಗಾಗ್‌ನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಅವರ ಧರ್ಮಗ್ರಂಥವಾದ ತೋರಾ ಓದುವಾಗ ಹೆಸರಿಡುವ ಪದ್ಧತಿ. ಇದರ ಪೂರ್ತಿ ರೂಪ "ಇಂಥವರ ಮಗ ಇಂಥವನು" ಅನ್ನುವ ಹಾಗೆ ಇರುತ್ತದೆ: ದಾವಿದ್ ಬೆನ್ ಮೋಶೆ, ಮಿರ್ಯಾಮ್ ಬಾತ್ ಯೋಸೆಫ್ (ಬೆನ್ ಅಂದರೆ ಮಗ, ಬಾತ್ ಅಂದರೆ ಮಗಳು). ಬಾರ್ ಮಿತ್ಸ್ವಾ ದಿನ ಹುಡುಗನನ್ನು ತೋರಾ ಓದಲು ಕರೆಯುವುದು ಈ ಪೂರ್ತಿ ಹೆಸರಿನಿಂದ. ಕಾಯಿಲೆ ಬಿದ್ದವರಿಗಾಗಿ ಪ್ರಾರ್ಥನೆ ಮಾಡುವಾಗ ಮಾತ್ರ ಅಪ್ಪನ ಹೆಸರಿನ ಬದಲು ಅಮ್ಮನ ಹೆಸರು ಸೇರಿಸುವುದು ವಾಡಿಕೆ. ಇಸ್ರೇಲಿನಲ್ಲಿ ಹುಟ್ಟಿ ಬೆಳೆದವರಿಗೆ ಸಾಮಾನ್ಯವಾಗಿ ಮನೆಯಲ್ಲೂ ಶಾಲೆಯಲ್ಲೂ ಒಂದೇ ಹೆಸರು. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವವರಿಗೆ ಎರಡು ಇರುವುದು ಮಾಮೂಲು, ಶಾಲೆಯಲ್ಲಿ ಮಾರ್ಕ್ ಆದವನು ಸಿನಗಾಗ್‌ನಲ್ಲಿ ಮೊರ್ದೆಖಾಯ್ ಆಗಿರಬಹುದು. ಹಾಗಾಗಿ ಯಾವುದು ಬೇಕು ಅಂತ ಮನೆಯವರನ್ನೇ ಕೇಳಬೇಕು. ನನ್ನ ಅಭಿಪ್ರಾಯದಲ್ಲಿ ಅಪ್ಪನ ಹೆಸರು ಸೇರಿದ ಪೂರ್ತಿ ರೂಪ ಪ್ರಾರ್ಥನೆಯ ಶಾಲು ಇಡುವ ಚೀಲಕ್ಕೆ ಚೆನ್ನ. ಜೇಬಿನಲ್ಲಿ ಇಟ್ಟುಕೊಂಡು ತಿರುಗುವ ಪವರ್ ಬ್ಯಾಂಕಿಗೆ ಕರೆಯುವ ಹೆಸರೊಂದೇ ಸಾಕು.

ಹೆಸರು ಗೊತ್ತಾಯಿತು ಅಂದುಕೊಳ್ಳಿ. ಅದನ್ನು ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿಕೊಂಡು ಯಾವುದೋ ಆ್ಯಪ್‌ನಲ್ಲಿ ಹೀಬ್ರೂಗೆ ತಿರುಗಿಸುವುದೇ ಎಲ್ಲರೂ ಮಾಡುವ ಕೆಲಸ. ದಯವಿಟ್ಟು ಹಾಗೆ ಮಾಡಬೇಡಿ. ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಇಂಗ್ಲಿಷಿನಲ್ಲಿ ಕೆ, ಎ, ಎಲ್, ಎ ಅಂತ ನಾಲ್ಕಕ್ಷರ ಬರೆದುಕೊಟ್ಟರೆ ಅದು "ಕಲಾ" ಅಂತಲೋ, "ಕಾಲ" ಅಂತಲೋ, "ಕಾಳ" ಅಂತಲೋ ಯಾರಿಗೆ ಗೊತ್ತು? ಹೀಬ್ರೂದಲ್ಲಿ ಇರುವುದು 22 ಅಕ್ಷರ. ಅದರಲ್ಲಿ ಈಗಿನ ಉಚ್ಚಾರದಲ್ಲಿ ಕ ಅನ್ನಿಸುವುದು ಎರಡು, ಕಾಫ್ ಮತ್ತು ಕೂಫ್. ತ ಅನ್ನಿಸುವುದು ಎರಡು, ತೇತ್ ಮತ್ತು ತಾವ್. ಸ ಎರಡು ಕಡೆ ಬರುತ್ತದೆ. ಗಂಟಲಿನಿಂದ ಬರುವ ಖ ಕೂಡ ಎರಡು ಕಡೆ: ಖಾಯಿಮ್ ಅನ್ನುವ ಹೆಸರಿನಲ್ಲಿ ಅದು ಖೇತ್, ಮಿಖಾಲ್ ಅನ್ನುವ ಹೆಸರಿನಲ್ಲಿ ಕಾಫ್. ಕಿವಿಗೆ ಒಂದೇ ಥರ, ಬರವಣಿಗೆಯಲ್ಲಿ ಬೇರೆ. ತಾಮಾರ್‌ಗೆ ತಾವ್, ತಾಲ್‌ಗೆ ತೇತ್. ಇದಕ್ಕೆ ಸೂತ್ರ ಇಲ್ಲ, ಆ ಹೆಸರು ಹೇಗೆ ಬರೆಯುತ್ತಾರೋ ಹಾಗೇ ಬರೆಯಬೇಕು.

ತುಂಬಾ ಎಡವುವ ಹೆಸರು ಅಂದರೆ ನೋವಾ. ಇಸ್ರೇಲಿನಲ್ಲಿ ಹೆಣ್ಣುಮಕ್ಕಳಿಗೆ ಬಹಳ ಪ್ರೀತಿಯಿಂದ ಇಡುವ ಹೆಸರು ಇದು. ಸಾಮಾನ್ಯವಾಗಿ ನೂನ್, ವಾವ್, ಆಯಿನ್, ಹೇ ಅಂತ ನಾಲ್ಕಕ್ಷರದಲ್ಲಿ ಬರೆಯುತ್ತಾರೆ. ಬೈಬಲಿನಲ್ಲಿ ಇರುವ ಹಾಗೆ ವಾವ್ ಬಿಟ್ಟು ಮೂರಕ್ಷರದಲ್ಲಿ ಬರೆದುಕೊಳ್ಳುವವರೂ ಇದ್ದಾರೆ. ಬೈಬಲಿನ ಪ್ರಳಯದ ಕಥೆಯಲ್ಲಿ ಹಡಗು ಕಟ್ಟಿದ ನೋಹನ ಹೆಸರು ಬೇರೆಯೇ. ಅದು ಗಂಡು ಹೆಸರು, ಬರೆಯುವುದು ನೂನ್ ಮತ್ತು ಖೇತ್ ಅಂತ ಎರಡೇ ಅಕ್ಷರದಲ್ಲಿ. ಇಂಗ್ಲಿಷಿನಲ್ಲಿ ಕೊನೆಗೊಂದು ಎಚ್ ಸೇರಿಸಿದರೆ ಸಾಕು, ಎರಡೂ ಕಲಸಿಹೋಗುತ್ತವೆ. ಹನ್ನೆರಡು ವರ್ಷದ ಹುಡುಗಿ ಪೊಟ್ಟಣ ಬಿಚ್ಚಿ ನೋಡಿದರೆ ಅದರ ಮೇಲೆ ಗಡ್ಡದ ಅಜ್ಜನ ಹೆಸರು! ಯಾರೂ ಬೈಯುವುದಿಲ್ಲ, ನಗುತ್ತಾ ತೆಗೆದುಕೊಳ್ಳುತ್ತಾರೆ. ಆದರೆ ಅದು ಅವಳ ಹೆಸರಲ್ಲ.

ಹೀಗಾಗಿ ಹೆಸರನ್ನು ಮನೆಯವರೇ ವಾಟ್ಸಾಪಿನಲ್ಲಿ ಟೈಪ್ ಮಾಡಿ ಕಳಿಸಬೇಕು. ಫೋಟೊ ಸಾಲದು. ಅದರಲ್ಲೂ ಕೈಬರಹದ ಫೋಟೊ ಬೇಡವೇ ಬೇಡ. ಇಸ್ರೇಲಿಗಳು ಕೈಯಲ್ಲಿ ಬರೆಯುವ ಅಕ್ಷರಕ್ಕೂ ಅಚ್ಚಿನ ಅಕ್ಷರಕ್ಕೂ ಬಹಳ ವ್ಯತ್ಯಾಸ ಇದೆ, ಆಲೆಫ್, ಶಿನ್ ಥರದ ಅಕ್ಷರಗಳು ಪೂರ್ತಿ ಬೇರೆಯಾಗಿಯೇ ಕಾಣುತ್ತವೆ. ಭಾಷೆ ಗೊತ್ತಿಲ್ಲದವರು ಅದನ್ನು ನೋಡಿಕೊಂಡು ಕೀಬೋರ್ಡಿನಲ್ಲಿ ಅಕ್ಷರ ಹುಡುಕಲು ಹೋದರೆ ಕಥೆ ಮುಗಿಯಿತು. ಟೈಪ್ ಮಾಡಿದ ಪಠ್ಯ ಬಂದರೆ ಅದನ್ನೇ ಕಾಪಿ ಮಾಡಿ ಅಂಗಡಿಯವರಿಗೆ ಕಳಿಸಬಹುದು, ಮಧ್ಯೆ ಯಾರ ಊಹೆಯೂ ನುಸುಳುವುದಿಲ್ಲ. ಸ್ವರ ತೋರಿಸುವ ಚುಕ್ಕೆ ಗೆರೆಗಳು ಬೇಕಾ ಅನ್ನುವ ಪ್ರಶ್ನೆಯೂ ಬರುತ್ತದೆ. ಅವಕ್ಕೆ ನಿಕ್ಕುದ್ ಅನ್ನುತ್ತಾರೆ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ತಿಬೇರಿಯ ಊರಿನ ಪಂಡಿತರು ಬೈಬಲಿನ ಓದು ತಪ್ಪಬಾರದು ಅಂತ ರೂಢಿಗೆ ತಂದ ಗುರುತುಗಳು ಅವು. ಈಗ ಪ್ರಾರ್ಥನೆ ಪುಸ್ತಕದಲ್ಲಿ, ಕವಿತೆಯಲ್ಲಿ, ಮಕ್ಕಳ ಪುಸ್ತಕದಲ್ಲಿ ಕಾಣುತ್ತವೆ. ಪೇಪರಿನಲ್ಲಿ, ಬಸ್ ಬೋರ್ಡಿನಲ್ಲಿ ಇರುವುದಿಲ್ಲ. ಪವರ್ ಬ್ಯಾಂಕಿಗೂ ಬೇಡ. ಸಣ್ಣ ಜಾಗದಲ್ಲಿ ಕೆತ್ತಿದರೆ ಚುಕ್ಕೆಗಳು ಕೊಳೆಯ ಹಾಗೆ ಕಾಣುತ್ತವೆ ಅಷ್ಟೇ.

ಈಗ ದೊಡ್ಡ ಸಮಸ್ಯೆಗೆ ಬರೋಣ. ಹೀಬ್ರೂ ಬಲದಿಂದ ಎಡಕ್ಕೆ ಓಡುತ್ತದೆ.

ಕಂಪ್ಯೂಟರ್ ಒಳಗೆ ಅಕ್ಷರಗಳು ಟೈಪ್ ಮಾಡಿದ ಕ್ರಮದಲ್ಲೇ ಇರುತ್ತವೆ. ಮೊದಲ ಅಕ್ಷರ ಮೊದಲು, ಎರಡನೆಯದು ಆಮೇಲೆ. ಪರದೆಯ ಮೇಲೆ ತೋರಿಸುವಾಗ ಮಾತ್ರ "ಇದು ಹೀಬ್ರೂ, ಬಲದಿಂದ ಜೋಡಿಸು" ಅಂತ ತಂತ್ರಾಂಶ ನಿರ್ಧರಿಸಬೇಕು. ಇದಕ್ಕೆ ಎಲ್ಲ ಭಾಷೆಗಳ ಅಕ್ಷರಗಳಿಗೆ ಕಂಪ್ಯೂಟರುಗಳು ಬಳಸುವ ಯೂನಿಕೋಡ್ ಪದ್ಧತಿಯಲ್ಲಿ ದ್ವಿಮುಖ ಪಠ್ಯದ ನಿಯಮಾವಳಿಯೇ ಇದೆ. ಫೋನುಗಳು, ಬ್ರೌಸರ್‌ಗಳು ಅದನ್ನು ಚೆನ್ನಾಗಿ ಪಾಲಿಸುತ್ತವೆ. ಲೇಸರ್ ಯಂತ್ರದ ಜೊತೆ ಬರುವ ಎಷ್ಟೋ ಹಳೆಯ, ಅಗ್ಗದ ತಂತ್ರಾಂಶಗಳು ಪಾಲಿಸುವುದಿಲ್ಲ. ಒಳಗಿದ್ದ ಕ್ರಮದಲ್ಲೇ ಎಡದಿಂದ ಬಲಕ್ಕೆ ಜೋಡಿಸಿಬಿಡುತ್ತವೆ. ಒಂದೊಂದು ಅಕ್ಷರವೂ ಸರಿ ಇರುತ್ತದೆ, ಹೆಸರು ಮಾತ್ರ ಹಿಂದುಮುಂದು. ಇದನ್ನು ಕಂಡವರು ಕೆಲವೊಮ್ಮೆ ಕೈಯಾರೆ ಅಕ್ಷರ ತಿರುಗಿಸಿ ಟೈಪ್ ಮಾಡುತ್ತಾರೆ. 1990ರ ದಶಕದಲ್ಲಿ ಎಷ್ಟೋ ಹೀಬ್ರೂ ವೆಬ್‌ಪುಟಗಳನ್ನೇ ಹೀಗೆ ತಿರುಗಿಸಿ ಇಡುತ್ತಿದ್ದರು, ಯಾಕೆಂದರೆ ಆಗಿನ ಬ್ರೌಸರ್‌ಗಳಿಗೆ ದಿಕ್ಕು ಗೊತ್ತಾಗುತ್ತಿರಲಿಲ್ಲ. ಹಾಗೆ ತಿರುಗಿಸಿದ ಫೈಲು ನಿಯಮ ಗೊತ್ತಿರುವ ತಂತ್ರಾಂಶಕ್ಕೆ ಹೋದರೆ ಅದು ಇನ್ನೊಮ್ಮೆ ತಿರುಗಿಸುತ್ತದೆ. ಮತ್ತೆ ತಪ್ಪು.

ಇದನ್ನು ಇನ್ನಷ್ಟು ಮರೆಮಾಚುವ ಹೆಸರೊಂದಿದೆ, ದಾವಿದ್. ದಾಲೆತ್, ವಾವ್, ದಾಲೆತ್ ಅಂತ ಬರೆಯುತ್ತಾರೆ. ಯಾವ ಕಡೆಯಿಂದ ಜೋಡಿಸಿದರೂ ಒಂದೇ! ಒಬ್ಬ ಅಂಗಡಿಯವರು ದಾವಿದ್ ಹೆಸರಿನ ಆರ್ಡರ್ ಮಾಡಿಕೊಟ್ಟು, ಗಿರಾಕಿ ಖುಷಿಯಾಗಿ ಹೋಗಿ, "ನಮ್ಮ ಮಷೀನಿನಲ್ಲಿ ಹೀಬ್ರೂ ಸರಿಯಾಗಿ ಬರುತ್ತೆ" ಅಂತ ನಂಬಿಕೊಂಡಿದ್ದರೆ ಅದು ಸುಳ್ಳೇನಲ್ಲ, ಪರೀಕ್ಷೆಯೇ ಆಗಿಲ್ಲ ಅಷ್ಟೇ. ಪರೀಕ್ಷೆಗೆ ಮಿರ್ಯಾಮ್ ಹೆಸರು ಕೊಟ್ಟು ನೋಡಿ.

ಮಿರ್ಯಾಮ್ ಅಂದರೆ ಮೇಮ್, ರೇಶ್, ಯೋದ್, ಮೇಮ್. ಶುರುವಿನಲ್ಲೂ ಕೊನೆಯಲ್ಲೂ ಮೇಮ್ ಇದೆ, ಆದರೆ ಎರಡರ ಆಕಾರ ಬೇರೆ. ಹೀಬ್ರೂದಲ್ಲಿ ಐದು ಅಕ್ಷರಗಳಿಗೆ ಪದದ ಕೊನೆಯಲ್ಲಿ ಬಂದಾಗ ಬೇರೆ ರೂಪ ಇದೆ: ಕಾಫ್, ಮೇಮ್, ನೂನ್, ಪೇ, ತ್ಸಾದಿ. ಕೊನೆಯ ಮೇಮ್ ಪೂರ್ತಿ ಮುಚ್ಚಿದ ಚೌಕ. ಶುರುವಿನ ಮೇಮ್ ಕೆಳಗಡೆ ಎಡಮೂಲೆಯಲ್ಲಿ ಸ್ವಲ್ಪ ತೆರೆದಿರುತ್ತದೆ. ಹೆಸರು ಸರಿಯಾಗಿ ಬಂದಿದ್ದರೆ ಆ ಮುಚ್ಚಿದ ಚೌಕ ಎಡತುದಿಯಲ್ಲಿ ಇರಬೇಕು. ಬಲತುದಿಯಲ್ಲಿ ಕಂಡರೆ ಹೆಸರು ತಿರುಗಿದೆ ಅಂತ ಅರ್ಥ, ಅಲ್ಲಿಗೆ ತೀರ್ಮಾನವಾಯಿತು. ಅವ್ರಾಹಾಮ್, ಖಾಯಿಮ್, ಮೆನಾಖೆಮ್ ಎಲ್ಲಕ್ಕೂ ಇದೇ ಗುರುತು.

ಉಳಿದ ನಾಲ್ಕು ಕೊನೆಯ ರೂಪಗಳು ಸಾಲಿನಿಂದ ಕೆಳಗೆ ಬಾಲ ಇಳಿಬಿಡುತ್ತವೆ. ಯೋನಾತಾನ್, ಶಿಮೋನ್, ಬಿನ್ಯಾಮಿನ್ ಹೆಸರುಗಳ ಎಡತುದಿಯಲ್ಲಿ ನೆಟ್ಟಗೆ ಕೆಳಗಿಳಿದ ಒಂದು ಗೆರೆ ಕಾಣಬೇಕು. ಯೋಸೆಫ್, ಆಸಾಫ್, ಬಾರೂಖ್ ಕೂಡ ಹಾಗೇ, ಎಡತುದಿಯಲ್ಲಿ ಬಾಲ. ಒಂದು ಎಚ್ಚರ ಇಟ್ಟುಕೊಳ್ಳಿ: ಕೂಫ್ ಅನ್ನುವ ಅಕ್ಷರದ ಕಾಲೂ ಕೆಳಗಿಳಿಯುತ್ತದೆ, ಅದು ಪದದಲ್ಲಿ ಎಲ್ಲಿ ಬೇಕಾದರೂ ಬರಬಹುದು. ರಿವ್ಕಾ ಹೆಸರಿನಲ್ಲಿ ನಡುವೆ ಬಾಲ ಕಂಡರೆ ಗಾಬರಿ ಬೇಡ. ಇನ್ನು ಸಾಲಿನ ಮೇಲಕ್ಕೆ ತಲೆ ಎತ್ತುವ ಅಕ್ಷರ ಇಡೀ ವರ್ಣಮಾಲೆಯಲ್ಲಿ ಒಂದೇ ಒಂದು, ಲಾಮೆದ್, ನಮ್ಮ ಲ. ದಾನಿಯೇಲ್, ಮಿಖಾಲ್, ಯಾಯೇಲ್, ರಾಖೇಲ್ ಹೆಸರುಗಳು ಲಾಮೆದ್‌ನಿಂದ ಮುಗಿಯುತ್ತವೆ, ಅಂದರೆ ಎತ್ತರದ ಅಕ್ಷರ ಎಡತುದಿಯಲ್ಲಿ. ಲೇಯಾ, ಲೇವಿ, ಲಿಯೋರಾ ಅದರಿಂದ ಶುರುವಾಗುತ್ತವೆ, ಎತ್ತರದ ಅಕ್ಷರ ಬಲತುದಿಯಲ್ಲಿ. ಇಷ್ಟು ಗೊತ್ತಿದ್ದರೆ ಬಹಳಷ್ಟು ಹೆಸರುಗಳ ದಿಕ್ಕನ್ನು ನೀವೇ ನೋಡಿ ಹೇಳಬಹುದು. ಈ ಗುರುತು ಯಾವುದೂ ಇಲ್ಲದ ಹೆಸರಾದರೆ ವಾಟ್ಸಾಪಿನಲ್ಲಿ ಬಂದ ಹೆಸರನ್ನು ಫೋನಿನಲ್ಲಿ ತೆರೆದು, ಅಂಗಡಿಯ ಸ್ಯಾಂಪಲ್ ಚಿತ್ರದ ಪಕ್ಕ ಹಿಡಿದು, ಒಂದೊಂದೇ ಅಕ್ಷರ ಹೋಲಿಸಬೇಕು.

ಕನ್ನಡದವರಿಗೆ ಈ ಸಂಕಟ ಹೇಳಿಕೊಡಬೇಕಾಗಿಲ್ಲ. ಫ್ಲೆಕ್ಸ್ ಬೋರ್ಡಿನಲ್ಲಿ ಒತ್ತಕ್ಷರ ಬಿಚ್ಚಿಕೊಂಡು ಪಕ್ಕದಲ್ಲಿ ನಿಂತಿರುವುದನ್ನು, ಟೀ ಶರ್ಟಿನ ಮೇಲೆ ಕೊಂಬು ದೀರ್ಘ ಅಕ್ಷರ ಬಿಟ್ಟು ಓಡಿಹೋಗಿರುವುದನ್ನು ಎಲ್ಲರೂ ನೋಡಿದ್ದೇವೆ. ಕಾರಣವೂ ಹತ್ತಿರದ್ದೇ. ಇಂಗ್ಲಿಷಿನ ಹಾಗೆ ಒಂದರ ಪಕ್ಕ ಒಂದು ಅಕ್ಷರ ಇಟ್ಟರೆ ಬರವಣಿಗೆ ಆಯಿತು ಅಂತ ನಂಬಿ ಮಾಡಿದ ತಂತ್ರಾಂಶಗಳು ಅವು. ಅಡೋಬಿ ಇನ್‌ಡಿಸೈನ್‌ನಲ್ಲಿ ಕನ್ನಡ ಸರಿಯಾಗಿ ಕೂರಬೇಕಾದರೆ ವರ್ಲ್ಡ್-ರೆಡಿ ಕಂಪೋಸರ್ ಅನ್ನುವ ಆಯ್ಕೆ ಒತ್ತಬೇಕಲ್ವಾ, ಹೀಬ್ರೂ ಸರಿಯಾಗಿ ಕೂರಲೂ ಅದೇ ಆಯ್ಕೆ. ಕನ್ನಡ ಮುದ್ರಣದ ಕಷ್ಟ ಕಂಡಿರುವ ಡಿಟಿಪಿಯವರಿಗೆ ಪರಿಹಾರವೂ ಗೊತ್ತಿರುತ್ತದೆ: ಹೀಬ್ರೂ ಗೊತ್ತಿರುವ ತಂತ್ರಾಂಶದಲ್ಲಿ ಹೆಸರನ್ನು ಸರಿಯಾಗಿ ಕೂರಿಸಿ, ಅದನ್ನು ಕರ್ವ್ಸ್‌ಗೆ ಬದಲಾಯಿಸಿ, ಅಂದರೆ ಅಕ್ಷರವಾಗಿ ಅಲ್ಲದೆ ಬರೀ ಆಕಾರವಾಗಿ ಮಾಡಿ ಲೇಸರ್ ಯಂತ್ರಕ್ಕೆ ಕೊಡುವುದು. ಆಗ ಯಂತ್ರಕ್ಕೆ ಅದು ಚಿತ್ರ ಮಾತ್ರ. ತಿರುಗಿಸಲು ಅಲ್ಲಿ ಪಠ್ಯವೇ ಇರುವುದಿಲ್ಲ. ಹೀಬ್ರೂ ಹೆಸರು, ಇಂಗ್ಲಿಷ್ ಹೆಸರು, ತಾರೀಕು ಮೂರೂ ಬೇಕು ಅಂದರೆ ಬೇರೆ ಬೇರೆ ಸಾಲಿನಲ್ಲಿ ಇರಲಿ. ಒಂದೇ ಸಾಲಿಗೆ ಹಾಕಿದರೆ ನಡುವಿನ ಅಡ್ಡಗೆರೆ, ಆವರಣ ಚಿಹ್ನೆಗಳು ಎಲ್ಲೆಲ್ಲೋ ಹೋಗಿ ಕೂರುತ್ತವೆ.

ದಿಕ್ಕು ಸರಿಯಾದ ಮೇಲೆ ಅಕ್ಷರದ ಒಳಗಿನ ಸೂಕ್ಷ್ಮ ನೋಡಬೇಕು. ಖನ್ನಾ ಅನ್ನುವ ಹೆಸರು ತೆಗೆದುಕೊಳ್ಳಿ, ಇಂಗ್ಲಿಷಿನ ಹ್ಯಾನಾ. ಖೇತ್, ನೂನ್, ಹೇ ಅಂತ ಮೂರೇ ಅಕ್ಷರ. ಖೇತ್ ಅಂದರೆ ಎರಡು ಕಾಲು, ಮೇಲೊಂದು ಚಾವಣಿ. ಹೇ ಕೂಡ ಅದೇ, ಎಡಗಾಲು ಮಾತ್ರ ಚಾವಣಿಗೆ ತಾಗುವುದಿಲ್ಲ, ಮಧ್ಯೆ ಒಂದು ಸಣ್ಣ ಸಂದು. ಐದಾರು ಮಿಲಿಮೀಟರ್ ಎತ್ತರದಲ್ಲಿ ಕೆತ್ತಿದರೆ ಆ ಸಂದು ಕೂದಲೆಳೆಯಷ್ಟು ಆಗುತ್ತದೆ. ಲೇಸರ್ ಸ್ವಲ್ಪ ಹರಡಿದರೂ, ಬಣ್ಣ ಸ್ವಲ್ಪ ಒಸರಿದರೂ ಮುಚ್ಚಿಹೋಗಿ ಹೇ ಅನ್ನುವುದು ಖೇತ್ ಆಗುತ್ತದೆ. ಹೆಸರಿನ ಎರಡು ತುದಿಯಲ್ಲೂ ಒಂದೇ ಅಕ್ಷರ ಬಂದ ಹಾಗಾಗುತ್ತದೆ. ದಾಲೆತ್ ಮತ್ತು ರೇಶ್ ಜೋಡಿಯೂ ಹೀಗೇ: ದಾಲೆತ್‌ಗೆ ಬಲಮೂಲೆಯಲ್ಲಿ ಚೂಪು, ರೇಶ್‌ಗೆ ದುಂಡು. ಬೇತ್ ಮತ್ತು ಕಾಫ್ ಕೂಡ ಅಣ್ಣತಮ್ಮಂದಿರ ಹಾಗೆ ಇರುತ್ತವೆ. ಕೊನೆಯ ಮೇಮ್ ಚೌಕವಾದರೆ ಸಾಮೆಖ್ ದುಂಡಗೆ.

ಆದ್ದರಿಂದ ಫಾಂಟ್ ಆರಿಸುವುದು ಬರೀ ಅಂದದ ವಿಷಯ ಅಲ್ಲ. ಲೈಪ್‌ಜಿಗ್‌ನಲ್ಲಿದ್ದ ರಫೆಲ್ ಫ್ರಾಂಕ್ 20ನೇ ಶತಮಾನದ ಶುರುವಿನಲ್ಲಿ ರೂಪಿಸಿದ ಫ್ರಾಂಕ್-ರೂಲ್ ಅನ್ನುವ ಅಕ್ಷರಶೈಲಿ ಹೀಬ್ರೂ ಪುಸ್ತಕಗಳಲ್ಲಿ ಇವತ್ತಿಗೂ ಕಾಣುತ್ತದೆ, ನನಗೂ ಅದು ಬಹಳ ಇಷ್ಟ. ಆದರೆ ಈ ಥರದ ಅಕ್ಷರಗಳಲ್ಲಿ ಅಡ್ಡಗೆರೆ ದಪ್ಪ, ಉದ್ದಗೆರೆ ತೆಳು, ಇಂಗ್ಲಿಷಿಗೆ ತದ್ವಿರುದ್ಧ. ಸಣ್ಣದಾಗಿ ಕೆತ್ತಿದಾಗ ತೆಳುವಾದ ಕಾಲುಗಳು ಮಾಯವಾಗಿ ಚಾವಣಿಗಳಷ್ಟೇ ಉಳಿಯುತ್ತವೆ. ಎಲ್ಲ ಗೆರೆಯೂ ಒಂದೇ ದಪ್ಪ ಇರುವ ಹೀಬೋ, ರೂಬಿಕ್, ಅಸಿಸ್ಟೆಂಟ್ ಥರದ ಫಾಂಟುಗಳು ಇಲ್ಲಿಗೆ ಸರಿ. ಮೂರೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಅಕ್ಷರದ ಎತ್ತರ ಎಂಟು ಹತ್ತು ಮಿಲಿಮೀಟರ್ ಇದ್ದರೆ ನೆಮ್ಮದಿ.

ಹೆಸರಿನ ಜೊತೆ ಬೈಬಲಿನ ಒಂದು ವಾಕ್ಯ ಹಾಕಿಸೋಣ ಅಂತ ಕೆಲವರಿಗೆ ಆಸೆ. ಅದರಲ್ಲಿ ದೇವರ ಹೆಸರು ಇದ್ದರೆ ಬೇಡ. ಹೀಬ್ರೂದಲ್ಲಿ ಬರೆದ ದೇವರ ಹೆಸರನ್ನು ಅಳಿಸಬಾರದು, ಕಸಕ್ಕೆ ಎಸೆಯಬಾರದು ಅನ್ನುವುದು ಯಹೂದಿ ಧರ್ಮದ ಕಟ್ಟುನಿಟ್ಟಾದ ನಿಯಮ. ಪವರ್ ಬ್ಯಾಂಕ್ ಅಂದರೆ ಕೆಲವು ವರ್ಷಕ್ಕೆ ಸತ್ತು ಇ-ತ್ಯಾಜ್ಯಕ್ಕೆ ಹೋಗುವ ವಸ್ತು. ಕೊಟ್ಟವರ ಪ್ರೀತಿ ಪಡೆದವರಿಗೆ ಧರ್ಮಸಂಕಟ ಆಗಬಾರದಲ್ವಾ. ದಾನಿಯೇಲ್, ಮಿಖಾಯೇಲ್ ಥರ ಒಳಗೇ ಏಲ್, ಅಂದರೆ ದೇವರು, ಅಂತ ಇರುವ ಹೆಸರುಗಳಿಗೆ ಈ ತೊಂದರೆ ಇಲ್ಲ, ಅವು ದಿನಬಳಕೆಯ ಹೆಸರುಗಳು.

ಈ ನಿಯಮದಿಂದ ನಮಗೂ ಒಂದು ಉಪಕಾರ ಆಗಿದೆ, ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಎಸೆಯಬಾರದ ಹಳೆಯ ಬರಹಗಳನ್ನು ಸಿನಗಾಗ್‌ನ ಒಂದು ಕೋಣೆಯಲ್ಲಿ ತುಂಬಿಡುವ ಪದ್ಧತಿ ಇದೆ, ಅದಕ್ಕೆ ಗೆನೀಜಾ ಅನ್ನುತ್ತಾರೆ. ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಗೆನೀಜಾದಲ್ಲಿ ಧರ್ಮಗ್ರಂಥದ ಹಾಳೆಗಳ ಜೊತೆ ಹೀಬ್ರೂ ಲಿಪಿಯಲ್ಲಿ ಬರೆದ ವ್ಯಾಪಾರದ ಕಾಗದಗಳೂ ಸೇರಿಕೊಂಡು ಶತಮಾನಗಟ್ಟಲೆ ಉಳಿದವು. ಅವುಗಳಲ್ಲಿ ಅಬ್ರಹಾಂ ಬೆನ್ ಯಿಜು ಅನ್ನುವ ವರ್ತಕನ ಪತ್ರಗಳಿವೆ. ಟ್ಯುನೀಸಿಯದ ಮಹ್ದಿಯ್ಯಾದಿಂದ ಬಂದ ಈತ 1132ರಿಂದ 1149ರ ನಡುವೆ ಬಹುಕಾಲ ಇದ್ದದ್ದು ನಮ್ಮ ಪಶ್ಚಿಮ ಕರಾವಳಿಯಲ್ಲಿ, ಅದರಲ್ಲೂ ಮಂಗಳೂರಿನಲ್ಲಿ. ಇಲ್ಲಿ ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ನಡೆಸುತ್ತಿದ್ದ. ಯೆಮೆನ್‌ನ ಬಂದರು ಏಡನ್‌ನ ಯಹೂದಿ ವರ್ತಕರು ಒಡೆದ ಹಳೆಯ ಪಾತ್ರೆಗಳನ್ನು ಹಡಗಿನಲ್ಲಿ ಕಳಿಸಿ, ತಮಗೆ ಬೇಕಾದ ಹಾಗೆ ಹೊಸದು ಮಾಡಿಸಿ ಕಳಿಸು ಅಂತ ಪತ್ರ ಬರೆಯುತ್ತಿದ್ದರು. ಹೀಬ್ರೂ ಹೆಸರಿನವರಿಗಾಗಿ ಲೋಹದ ವಸ್ತು ಮಾಡಿಸಿ ಕಳಿಸುವುದು ಮಂಗಳೂರಿಗೆ ಸುಮಾರು ಒಂಬತ್ತುನೂರು ವರ್ಷ ಹಳೆಯ ಕೆಲಸ.

ಇನ್ನು ಯಾವ ಮೈ ಮೇಲೆ ಹಾಕಿಸುವುದು ಅನ್ನುವುದು. ಆನೋಡೈಜ್ ಮಾಡಿದ ಅಲ್ಯೂಮಿನಿಯಂ ಎಲ್ಲಕ್ಕಿಂತ ಒಳ್ಳೆಯದು. ಅದರ ಮೇಲಿನ ಬಣ್ಣದ ಪದರ ಸಾಮಾನ್ಯವಾಗಿ 25 ಮೈಕ್ರಾನ್ ಒಳಗೆ, ಅಂದರೆ ಒಂದು ಮಿಲಿಮೀಟರಿನ ನಲವತ್ತರಲ್ಲಿ ಒಂದು ಪಾಲು. ಫೈಬರ್ ಲೇಸರ್ ಆ ಬಣ್ಣವನ್ನಷ್ಟೇ ತೆಗೆಯುತ್ತದೆ. ಹೆಸರು ಬೆಳ್ಳಗೆ ಮೂಡುತ್ತದೆ, ವರ್ಷಗಟ್ಟಲೆ ಅಳಿಸುವುದಿಲ್ಲ, ಒಳಗಿನ ಬ್ಯಾಟರಿಗೆ ಏನೂ ಆಗುವುದಿಲ್ಲ. ಪ್ಲಾಸ್ಟಿಕ್ ಕವಚಕ್ಕೆ ಯುವಿ ಪ್ರಿಂಟಿಂಗ್ ಸಾಕು. ರೆಕ್ಸಿನ್ ಹೊದಿಕೆಗೆ ಲೇಸರ್ ಹಾಕಿಸಬೇಡಿ, ಅದರ ಪಿವಿಸಿ ಸುಟ್ಟರೆ ವಿಷದ ಆಮ್ಲಹೊಗೆ ಬರುತ್ತದೆ. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಯಾರಾದರೂ ಕೈಯಂತ್ರ ಹಿಡಿದು ಆಳವಾಗಿ ಕೊರೆದು ಕೊಡುತ್ತೇನೆ ಅಂದರೆ, ಇಲ್ಲವೇ ಕವಚ ಬಿಚ್ಚಿ ಕೆತ್ತಿ ಮತ್ತೆ ಹಾಕುತ್ತೇನೆ ಅಂದರೆ ಒಪ್ಪಬೇಡಿ. ತೆಳುವಾದ ಪವರ್ ಬ್ಯಾಂಕುಗಳಲ್ಲಿ ಲಿಥಿಯಂ ಸೆಲ್ ಮೆತ್ತನೆಯ ಹಾಳೆಚೀಲದಲ್ಲಿ ಇರುತ್ತದೆ, ಚುಚ್ಚಿದರೆ ಬೆಂಕಿ ಹತ್ತಬಹುದು. ಆಯಸ್ಕಾಂತದಿಂದ ಫೋನಿಗೆ ಅಂಟುವ ವೈರ್‌ಲೆಸ್ ಮಾದರಿಯಾದರೆ ಫೋನಿಗೆ ತಾಗುವ ಮೈ ಬಿಟ್ಟು ಇನ್ನೊಂದು ಮೈಯಲ್ಲಿ ಹೆಸರು ಇರಲಿ.

ಈಗ ಹಿಂಬದಿಯ ಸಾಲು. 10,000 ಎಂಎಎಚ್ (ಮಿಲಿಆಂಪಿಯರ್-ಅವರ್) ಅಂತ ದೊಡ್ಡದಾಗಿ ಬರೆದಿರುತ್ತಾರೆ. 5,000 ಎಂಎಎಚ್ ಫೋನನ್ನು ಎರಡು ಸಲ ತುಂಬಿಸಬೇಕಲ್ವಾ ಅಂತ ಎಲ್ಲರೂ ಲೆಕ್ಕ ಹಾಕುತ್ತಾರೆ, ಆಮೇಲೆ ಮೋಸ ಅನ್ನುತ್ತಾರೆ. ಮೋಸ ಅಲ್ಲ. ಆ ಅಂಕಿ ಒಳಗಿನ ಸೆಲ್ಲಿನ 3.7 ವೋಲ್ಟ್ ಲೆಕ್ಕದ್ದು. ನಿಜವಾದ ಶಕ್ತಿ ಬೇಕಾದರೆ ಗುಣಿಸಬೇಕು: 10 ಆಂಪಿಯರ್-ಅವರ್ ಗುಣಿಸು 3.7 ವೋಲ್ಟ್, ಅಂದರೆ 37 ವ್ಯಾಟ್-ಅವರ್. ಯುಎಸ್‌ಬಿ ಹೊರಗೆ ಕೊಡುವುದು 5 ವೋಲ್ಟ್ ಅಥವಾ ಅದಕ್ಕಿಂತ ಜಾಸ್ತಿ. ವೋಲ್ಟೇಜ್ ಏರಿಸುವಾಗ ಸ್ವಲ್ಪ ಶಕ್ತಿ ಬಿಸಿಯಾಗಿ ಹೋಗುತ್ತದೆ, ಫೋನು ಒಳಗೆ ತೆಗೆದುಕೊಳ್ಳುವಾಗ ಇನ್ನಷ್ಟು. 5,000 ಎಂಎಎಚ್ ಫೋನಿನ ಬ್ಯಾಟರಿ ಸುಮಾರು 19 ವ್ಯಾಟ್-ಅವರ್. ಎಲ್ಲ ಕಳೆದು ಕೂಡಿಸಿದರೆ ಒಂದೂವರೆ ಸಲ ತುಂಬುತ್ತದೆ. ವೈರ್‌ಲೆಸ್ ಆದರೆ ಇನ್ನೂ ಕಡಿಮೆ.

ನಕಲಿ ಹಿಡಿಯಲು ತಕ್ಕಡಿ ಸಾಕು. ನಿಜವಾದ 10,000 ಎಂಎಎಚ್ ಪವರ್ ಬ್ಯಾಂಕ್ ಸಾಮಾನ್ಯವಾಗಿ 180ರಿಂದ 250 ಗ್ರಾಂ ತೂಗುತ್ತದೆ, ಲಿಥಿಯಂ ಸೆಲ್‌ಗಳಲ್ಲಿ ಅದಕ್ಕಿಂತ ತುಂಬಾ ಹಗುರಾಗಿ ಅಷ್ಟು ಶಕ್ತಿ ಹಿಡಿಸುವುದಿಲ್ಲ. ಅದೇ ತೂಕದಲ್ಲಿ 30,000 ಅಂತ ಬರೆದಿದ್ದರೆ ಬರೆದದ್ದೇ ಸುಳ್ಳು. ಹೆಸರು ಹಾಕಿಸುವ ಗಿಫ್ಟ್ ಅಂಗಡಿಗಳಲ್ಲಿ ಯಾವ ಬ್ರ್ಯಾಂಡೂ ಇಲ್ಲದ ಅಗ್ಗದ ಮಾಲು ಬಹಳ. ನನ್ನ ಕೇಳಿದರೆ ಒಳ್ಳೆಯ ಕಂಪನಿಯ ಪವರ್ ಬ್ಯಾಂಕನ್ನು ನೀವೇ ಕೊಂಡು, ಹೆಸರು ಮಾತ್ರ ಅಂಗಡಿಯಲ್ಲಿ ಹಾಕಿಸಿ.

ಹಾಗೆ ಹಾಕಿಸುವಾಗ ಆ ಹಿಂಬದಿಯ ಸಾಲನ್ನು ಯಾರೂ ಮುಟ್ಟಬಾರದು. ಅಂದ ಕೆಡುತ್ತದೆ ಅಂತ ಉಜ್ಜಿ ತೆಗೆಯುವುದು, ಅದರ ಮೇಲೇ ಹೆಸರು ಕೆತ್ತುವುದು, ಸ್ಟಿಕ್ಕರ್ ಅಂಟಿಸುವುದು ಯಾವುದೂ ಬೇಡ. ವಿಮಾನದಲ್ಲಿ ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಒಯ್ಯಬೇಕು, ಚೆಕ್-ಇನ್ ಲಗೇಜಿನಲ್ಲಿ ಹಾಕುವಂತಿಲ್ಲ. 100 ವ್ಯಾಟ್-ಅವರ್ ದಾಟಿದರೆ ವಿಮಾನ ಕಂಪನಿಯ ಅನುಮತಿ ಬೇಕು, 160 ದಾಟಿದರೆ ಪ್ರಯಾಣಿಕರು ಒಯ್ಯುವಂತೆಯೇ ಇಲ್ಲ. 20,000 ಎಂಎಎಚ್ ಅಂದರೆ 74 ವ್ಯಾಟ್-ಅವರ್, ಚಿಂತೆ ಇಲ್ಲ. 30,000 ಅಂದರೆ 111, ಗೆರೆ ದಾಟಿತು. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಬುಸಾನಿನಲ್ಲಿ ಏರ್ ಬುಸಾನ್ ವಿಮಾನ ಹೊರಡುವ ಮೊದಲೇ ಬೆಂಕಿಗೆ ಸಿಕ್ಕಿತು. ಒಳಗಿದ್ದವರೆಲ್ಲ ಬದುಕಿ ಹೊರಬಂದರು, ಪವರ್ ಬ್ಯಾಂಕಿನಿಂದಲೇ ಬೆಂಕಿ ಹತ್ತಿರಬಹುದು ಅಂತ ತನಿಖೆಯಲ್ಲಿ ಹೇಳಿದರು. ಆಮೇಲೆ ಒಂದೊಂದೇ ವಿಮಾನ ಕಂಪನಿ ನಿಯಮ ಬಿಗಿ ಮಾಡಿತು. ಉದಾಹರಣೆಗೆ ದುಬೈನ ಎಮಿರೇಟ್ಸ್‌ನಲ್ಲಿ 2025ರ ಅಕ್ಟೋಬರ್ 1ರಿಂದ ಒಬ್ಬರಿಗೆ ಒಂದೇ ಪವರ್ ಬ್ಯಾಂಕ್, ಅದೂ 100 ವ್ಯಾಟ್-ಅವರ್ ಒಳಗಿನದು, ವಿಮಾನದಲ್ಲಿ ಬಳಸುವಂತಿಲ್ಲ, ಮತ್ತು ಅದರ ಸಾಮರ್ಥ್ಯ ಎಷ್ಟು ಅಂತ ಅದರ ಮೇಲೇ ಕಾಣಬೇಕು. ಹೆಸರು ಎಷ್ಟೇ ಚೆಂದ ಇರಲಿ, ಆ ಸಾಲು ಓದಲು ಬಾರದಿದ್ದರೆ ತಪಾಸಣೆಯ ಮೇಜಿನಲ್ಲೇ ಬಿಟ್ಟು ಹೋಗಬೇಕಾದೀತು.

ಕೊಡುವ ದಿನದ ಬಗ್ಗೆಯೂ ಒಂದು ಮಾತು. ಶುಕ್ರವಾರ ಸೂರ್ಯ ಮುಳುಗುವಾಗಿನಿಂದ ಶನಿವಾರ ಕತ್ತಲಾಗುವವರೆಗೆ ಶಬ್ಬಾತ್, ಯಹೂದಿಗಳ ವಾರದ ವಿಶ್ರಾಂತಿಯ ದಿನ. ಆಚರಿಸುವ ಮನೆಗಳಲ್ಲಿ ಆ ಹೊತ್ತು ಫೋನು, ವಿದ್ಯುತ್ ಉಪಕರಣ ಯಾವುದನ್ನೂ ಮುಟ್ಟುವುದಿಲ್ಲ, ಪವರ್ ಬ್ಯಾಂಕನ್ನೂ ಅಷ್ಟೇ. ಬಾರ್ ಮಿತ್ಸ್ವಾದ ತೋರಾ ಓದು ಎಷ್ಟೋ ಸಲ ಶನಿವಾರವೇ ಇರುತ್ತದೆ, ಸಿನಗಾಗ್‌ಗೆ ಉಡುಗೊರೆ ಹಿಡಿದು ಹೋಗಬೇಡಿ. ಬೇರೆ ದಿನ ಊಟಕ್ಕೆ ಕರೆದಿರುತ್ತಾರೆ, ಆಗ ಕೊಡಿ. ತೋರಾವನ್ನು ಸೋಮವಾರ ಮತ್ತು ಗುರುವಾರವೂ ಓದುವುದರಿಂದ ಜೆರುಸಲೇಮಿನ ಪಶ್ಚಿಮ ಗೋಡೆಯ ಬಳಿ ಆ ದಿನಗಳಲ್ಲಿ ಬಾರ್ ಮಿತ್ಸ್ವಾ ಮಾಡುವವರೂ ಬಹಳ, ಅಂಥ ದಿನ ಈ ತೊಡಕಿಲ್ಲ.

ಊರಿನಿಂದ ಕೊರಿಯರ್ ಮಾಡುವ ಯೋಚನೆ ಇದ್ದರೆ ಮೊದಲೇ ಕೇಳಿಕೊಳ್ಳಿ, ಬಿಡಿ ಲಿಥಿಯಂ ಬ್ಯಾಟರಿ ಅಂದರೆ ಬೇಡ ಅನ್ನುವವರೇ ಜಾಸ್ತಿ. ಅಲ್ಲೇ ಇಸ್ರೇಲಿನಲ್ಲಿ ಮಾಡಿಸಿದರೆ ಹೀಬ್ರೂ ಓದಬಲ್ಲವರೇ ಕೆತ್ತುತ್ತಾರೆ, ಅರ್ಧ ತಲೆನೋವು ಹೋಯಿತು. ಎಲ್ಲೇ ಮಾಡಿಸಿ, ಕೆತ್ತುವ ಮೊದಲು ಸ್ಯಾಂಪಲ್ ಚಿತ್ರವನ್ನು ಆ ಮನೆಯವರಲ್ಲಿ ಒಬ್ಬರಿಗೆ ಕಳಿಸಿ "ಹೂಂ" ಅನ್ನಿಸಿಕೊಳ್ಳಿ. ಮಗುವಿಗೆ ಗೊತ್ತಾಗಬಾರದು ಅಂದರೆ ಅಮ್ಮನಿಗೆ ಕಳಿಸಿದರಾಯಿತು. ಕೈಗೆ ಬಂದ ಮೇಲೆ ಒಂದು ರಾತ್ರಿ ಪೂರ್ತಿ ಚಾರ್ಜ್ ಮಾಡಿ, ನಿಮ್ಮದೇ ಫೋನಿಗೆ ಹಾಕಿ ನೋಡಿ, ಆಮೇಲೆ ಪೊಟ್ಟಣ ಕಟ್ಟಿ. ಬಿಡಿ ಲಿಥಿಯಂ ಬ್ಯಾಟರಿಗಳನ್ನು ವಿಮಾನದ ಸರಕಾಗಿ ಕಳಿಸುವಾಗ 30 ಪ್ರತಿಶತಕ್ಕಿಂತ ಜಾಸ್ತಿ ಚಾರ್ಜ್ ಇರಬಾರದು ಅನ್ನುವ ನಿಯಮ ಇರುವುದರಿಂದ ಹೊಸದು ಪೂರ್ತಿ ತುಂಬಿಕೊಂಡು ಬಂದಿರುವುದಿಲ್ಲ.